ಅದು, ನಾನು, ಮೇಲಿನ ನಾನು: ಫ್ರಾಯ್ಡ್‌ನ ಮೂರು ಪದಗಳ ಕಥೆ

‘ಅವನಿಗೆ ಈಗೋ ಜಾಸ್ತಿ’ ಎಂಬ ಮಾತನ್ನು ಇಂದು ಕೇಳದವರಿಲ್ಲ. ಮದುವೆ ಮುರಿದರೂ ಈಗೋ, ಅಣ್ಣತಮ್ಮಂದಿರು ಪಾಲಾದರೂ ಈಗೋ. ಜಂಬ, ಸೊಕ್ಕು, ಹಮ್ಮು, ಗರ್ವ, ಅಹಂಕಾರ ಎಂದು ಇಷ್ಟೊಂದು ಪದಗಳಿರುವ ಕನ್ನಡಕ್ಕೆ ಅದೇ ಅರ್ಥದ ಇನ್ನೊಂದು ಪದ ಏಕೆ ಬೇಕಾಯಿತೋ ತಿಳಿಯದು. ಅಂತೂ ಬಂದು ನೆಲೆಸಿದೆ. ವಿಚಿತ್ರವೆಂದರೆ, ಮನಃಶಾಸ್ತ್ರದಲ್ಲಿ ಈ ಪದಕ್ಕೆ ಗರ್ವವೆಂಬ ಅರ್ಥವೇ ಇಲ್ಲ. ಅಲ್ಲಿ ಈಗೋ ಎಂಬುದು ಮನುಷ್ಯನೊಳಗಿನ ಅತ್ಯಂತ ಇಕ್ಕಟ್ಟಿಗೆ ಸಿಕ್ಕಿದ, ಎಲ್ಲರಿಗೂ ಸಮಾಧಾನ ಹೇಳಬೇಕಾದ ಒಂದು ಅಂಶ.

1980ರ ದಶಕದಲ್ಲಿ ಬಿ.ಎಡ್. ಓದಿದ ನಮ್ಮ ತಲೆಮಾರಿನವರಿಗೆ ‘ಫ್ರಾಯ್ಡ್‌ನ ಪ್ರಕಾರ ವ್ಯಕ್ತಿತ್ವದ ರಚನೆಯನ್ನು ವಿವರಿಸಿ’ ಎಂಬುದು ಕಾಯಂ ಪ್ರಶ್ನೆ. ಉತ್ತರವೂ ಕಾಯಂ. ಇಡ್ ಸುಖತತ್ತ್ವವನ್ನು ಅನುಸರಿಸುತ್ತದೆ, ಈಗೋ ವಾಸ್ತವತತ್ತ್ವವನ್ನು, ಸೂಪರ್ ಈಗೋ ನೀತಿತತ್ತ್ವವನ್ನು. ಪಕ್ಕದಲ್ಲಿ ಸಮುದ್ರದಲ್ಲಿ ತೇಲುವ ಹಿಮಬಂಡೆಯ ಚಿತ್ರವೊಂದನ್ನು ಬರೆದು ನೀರಿನ ಗೆರೆ ಎಳೆದರೆ ಎರಡು ಅಂಕ ಹೆಚ್ಚು. ನನ್ನ ವಿದ್ಯಾರ್ಥಿಗಳಲ್ಲಿ ಮುಂದೆ ಶಿಕ್ಷಕರಾದವರು ಕೆಲವರಿದ್ದೀರಿ. ನೀವೂ ಇದನ್ನೇ ಬರೆದಿರುತ್ತೀರಿ. ಆ ಹಿಮಬಂಡೆಯ ಚಿತ್ರ ಫ್ರಾಯ್ಡ್‌ನ ಗ್ರಂಥಗಳಲ್ಲಿ ಇಲ್ಲ. ಅದು ಪಠ್ಯಪುಸ್ತಕಗಳ ಕೊಡುಗೆ. ಇಡ್, ಈಗೋ ಎಂಬ ಲ್ಯಾಟಿನ್ ಪದಗಳೂ ಆತನವಲ್ಲ. ನಾನು ಬಹುಕಾಲ ಬೋಧಿಸಿದ ವಿಷಯ ಇತಿಹಾಸ. ಆದ್ದರಿಂದ ಈ ಮೂರು ಪದಗಳ ಅರ್ಥಕ್ಕಿಂತ ಮೊದಲು ಅವುಗಳ ಚರಿತ್ರೆಯನ್ನು ಹೇಳುತ್ತೇನೆ; ಚರಿತ್ರೆ ತಿಳಿದರೆ ಅರ್ಥ ತಾನಾಗಿಯೇ ಬೇರೆಯಾಗುತ್ತದೆ.

ಸಿಗ್ಮಂಡ್ ಫ್ರಾಯ್ಡ್ ಹುಟ್ಟಿದ್ದು 1856ರಲ್ಲಿ, ಮೊರೇವಿಯಾದ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ. ಅದು ಈಗಿನ ಚೆಕ್ ಗಣರಾಜ್ಯದ ಪ್ರಿಬೋರ್. ಬಾಲ್ಯದಲ್ಲಿಯೇ ವಿಯೆನ್ನಾಕ್ಕೆ ಬಂದ ಈ ಯಹೂದಿ ಹುಡುಗ ವೈದ್ಯನಾದ, ನರರೋಗತಜ್ಞನಾದ. 1885ರಲ್ಲಿ ಪ್ಯಾರಿಸ್ಸಿಗೆ ಹೋಗಿ ಶಾರ್ಕೋ ಎಂಬ ಪ್ರಸಿದ್ಧ ವೈದ್ಯರ ಬಳಿ ಹಿಸ್ಟೀರಿಯಾ ರೋಗಿಗಳನ್ನು ಕಂಡ. ನರದಲ್ಲಿ ಯಾವ ದೋಷವೂ ಇಲ್ಲದೆ ಕೈ ಮರಗಟ್ಟುವುದು, ಮಾತು ನಿಲ್ಲುವುದು ಹೇಗೆ? ಈ ಪ್ರಶ್ನೆ ಆತನನ್ನು ಬಿಡಲಿಲ್ಲ. ಕನಸುಗಳ ಅರ್ಥವನ್ನು ಕುರಿತ ಆತನ ದೊಡ್ಡ ಗ್ರಂಥ 1899ರ ಕೊನೆಯಲ್ಲಿ, ಮುಖಪುಟದ ಮೇಲೆ 1900 ಎಂಬ ಇಸವಿಯನ್ನು ಹೊತ್ತು ಹೊರಬಂತು. ಅಚ್ಚಾದದ್ದು 600 ಪ್ರತಿ. ಅವು ಖರ್ಚಾಗಲು ಎಂಟು ವರ್ಷ ಹಿಡಿಯಿತು. ಪುಸ್ತಕ ಮಾರಾಟವಾಗದೆಂದು ಕೊರಗುವ ನಮ್ಮ ಲೇಖಕಮಿತ್ರರು ಇದನ್ನು ನೆನಪಿಟ್ಟುಕೊಳ್ಳಬಹುದು.

ಆ ಗ್ರಂಥದಲ್ಲಿ ಫ್ರಾಯ್ಡ್ ಮನಸ್ಸಿನ ಮೊದಲ ನಕ್ಷೆಯನ್ನು ಕೊಟ್ಟ. ಅದರಲ್ಲಿದ್ದ ಮೂರು ಭಾಗಗಳೇ ಬೇರೆ: ಜಾಗೃತ, ಅರೆಜಾಗೃತ, ಅಜಾಗೃತ. ಮೊದಲ ಮಹಾಯುದ್ಧದ ಕಾಲದಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಆತ ಇದನ್ನು ಒಂದು ಮನೆಯ ಹೋಲಿಕೆಯಿಂದ ವಿವರಿಸುತ್ತಾನೆ. ಹೊರಗೆ ಒಂದು ದೊಡ್ಡ ಪಡಸಾಲೆ. ಅಲ್ಲಿ ಬಯಕೆಗಳು ಜಾತ್ರೆಯ ಜನದಂತೆ ನೂಕಾಡುತ್ತಿವೆ. ಒಳಗೆ ಒಂದು ಚಿಕ್ಕ ಕೋಣೆ. ಅಲ್ಲಿ ಪ್ರಜ್ಞೆ ಕುಳಿತಿದೆ. ಎರಡರ ನಡುವಿನ ಹೊಸ್ತಿಲಲ್ಲಿ ಒಬ್ಬ ಕಾವಲುಗಾರ. ಯಾರನ್ನು ಬಿಡಬೇಕು, ಯಾರನ್ನು ಹಿಂದಕ್ಕೆ ತಳ್ಳಬೇಕು ಎಂಬುದು ಅವನ ಕೆಲಸ. ತಳ್ಳಲ್ಪಡುವುದೇ ದಮನ. ತಳ್ಳಿಸಿಕೊಂಡವರು ಸುಮ್ಮನಿರದೆ ವೇಷ ಮರೆಸಿಕೊಂಡು ಕನಸಾಗಿ, ಬಾಯಿತಪ್ಪಾಗಿ, ರೋಗಲಕ್ಷಣವಾಗಿ ಒಳನುಗ್ಗುತ್ತಾರೆ. ಈ ನಕ್ಷೆ ಎಷ್ಟು ಅಂದವಾಗಿತ್ತೆಂದರೆ ಎರಡು ದಶಕಗಳ ಕಾಲ ಆತ ಇದರಿಂದಲೇ ಕೆಲಸ ನಡೆಸಿದ.

ಹಾಗಾದರೆ ಅದನ್ನು ಬದಲಿಸಿದ್ದೇಕೆ? ಪರೀಕ್ಷೆಯ ಉತ್ತರದಲ್ಲಿ ಈ ಪ್ರಶ್ನೆಗೆ ಎಡೆಯೇ ಇರಲಿಲ್ಲ.

ತೊಡಕು ಬಂದದ್ದು ಕಾವಲುಗಾರನಿಂದ. ಚಿಕಿತ್ಸೆಗೆ ಬಂದ ರೋಗಿ ಮನಸ್ಸಿಗೆ ಬಂದದ್ದೆಲ್ಲವನ್ನೂ ಹೇಳಬೇಕು, ಅದು ನಿಯಮ. ಆದರೆ ಕೆಲವು ಜಾಗಗಳಿಗೆ ಬಂದೊಡನೆ ಅವನ ಮಾತು ನಿಲ್ಲುತ್ತದೆ, ವಿಷಯ ಬದಲಾಗುತ್ತದೆ. ‘ನೀವು ಏನನ್ನೋ ತಡೆಯುತ್ತಿದ್ದೀರಿ’ ಎಂದರೆ ಅವನು ಪ್ರಾಮಾಣಿಕವಾಗಿಯೇ ಇಲ್ಲವೆನ್ನುತ್ತಾನೆ. ಎಂದರೆ ತಡೆಯುತ್ತಿರುವವನಿಗೂ ತಾನು ತಡೆಯುತ್ತಿರುವುದು ಗೊತ್ತಿಲ್ಲ. ಜಾಗೃತ ಮನಸ್ಸಿನ ಸೇವಕನೆಂದುಕೊಂಡಿದ್ದ ಕಾವಲುಗಾರನೇ ಕತ್ತಲಲ್ಲಿ ನಿಂತಿದ್ದಾನೆ!

ಎರಡನೆಯ ತೊಡಕು ಇನ್ನೂ ಆಳವಾದದ್ದು. ‘ನೀವು ಸುಧಾರಿಸುತ್ತಿದ್ದೀರಿ’ ಎಂದು ಹೇಳಿದೊಡನೆ ಕೆಲವು ರೋಗಿಗಳ ಸ್ಥಿತಿ ಹದಗೆಡುತ್ತಿತ್ತು. ಗುಣವಾಗುವುದೇ ಅವರಿಗೆ ಬೇಡವಾಗಿರುವಂತೆ, ನೋವನ್ನು ಅನುಭವಿಸುವುದು ತಮ್ಮ ಪಾಲಿನ ಶಿಕ್ಷೆಯೆಂಬಂತೆ ಅವರು ನಡೆದುಕೊಳ್ಳುತ್ತಿದ್ದರು. ಆದರೆ ಕೇಳಿದರೆ ‘ನಾನು ತಪ್ಪಿತಸ್ಥ’ ಎನ್ನುತ್ತಿರಲಿಲ್ಲ. ‘ನನಗೆ ಆರೋಗ್ಯವಿಲ್ಲ’ ಎನ್ನುತ್ತಿದ್ದರು. ತಪ್ಪಿನ ಭಾರವೇ ಅಜಾಗೃತವಾಗಿರುವುದು ಸಾಧ್ಯವೇ? ಇದಕ್ಕೆ ಸ್ವಲ್ಪ ಮೊದಲು, 1917ರಲ್ಲಿ ಪ್ರಕಟವಾದ ಶೋಕ ಮತ್ತು ಖಿನ್ನತೆಯನ್ನು ಕುರಿತ ಲೇಖನದಲ್ಲಿ ಫ್ರಾಯ್ಡ್ ಒಂದು ಸೂಕ್ಷ್ಮವನ್ನು ಕಂಡಿದ್ದ. ಖಿನ್ನನಾದವನು ತನ್ನನ್ನು ತಾನೇ ನಿಂದಿಸಿಕೊಳ್ಳುವ ಮಾತುಗಳನ್ನು ಕಿವಿಗೊಟ್ಟು ಕೇಳಿದರೆ ಅವು ಎಷ್ಟೋ ಸಲ ಅವನಿಗಿಂತ ಹೆಚ್ಚಾಗಿ ಅವನು ಕಳೆದುಕೊಂಡವರಿಗೆ ಒಪ್ಪುತ್ತವೆ. ಹೊರಗಿನವರ ಮೇಲಿನ ಅಸಮಾಧಾನ ಒಳಕ್ಕೆ ತಿರುಗಿದೆ. ಮನಸ್ಸಿನ ಒಂದು ಭಾಗ ನ್ಯಾಯಾಧೀಶನಾಗಿ ಇನ್ನೊಂದು ಭಾಗವನ್ನು ಕಟಕಟೆಯಲ್ಲಿ ನಿಲ್ಲಿಸಿದೆ. ಜಾಗೃತ–ಅಜಾಗೃತವೆಂಬ ಹಳೆಯ ನಕ್ಷೆಯಲ್ಲಿ ಈ ನ್ಯಾಯಾಧೀಶನಿಗೆ ಜಾಗವಿರಲಿಲ್ಲ.

ಹೊಸ ನಕ್ಷೆ 1923ರ ಏಪ್ರಿಲ್‌ನಲ್ಲಿ ಒಂದು ಚಿಕ್ಕ ಪುಸ್ತಕವಾಗಿ ಬಂತು. ಜರ್ಮನ್ ಹೆಸರು ‘ದಾಸ್ ಇಶ್ ಉಂಟ್ ದಾಸ್ ಎಸ್’. ಪದಶಃ ಕನ್ನಡಕ್ಕೆ ತಂದರೆ ‘ನಾನು ಮತ್ತು ಅದು’. ಆ ತಿಂಗಳು ಫ್ರಾಯ್ಡ್‌ನ ಬದುಕಿನಲ್ಲಿ ಎಂತಹದೆಂಬುದನ್ನು ಹೇಳಲೇಬೇಕು. ಅದೇ ಏಪ್ರಿಲ್‌ನಲ್ಲಿ ಆತನ ಬಾಯೊಳಗಿನ ಗೆಡ್ಡೆಗೆ ಮೊದಲ ಶಸ್ತ್ರಚಿಕಿತ್ಸೆಯಾಯಿತು. ಮನೆಯವರಿಗೂ ಸರಿಯಾಗಿ ತಿಳಿಸದೆ ಆಸ್ಪತ್ರೆಗೆ ಹೋಗಿದ್ದ. ಚಿಕಿತ್ಸೆಯ ನಂತರ ರಕ್ತ ಹರಿಯತೊಡಗಿತು, ಕರೆಗಂಟೆ ಕೆಟ್ಟಿತ್ತು, ಬಾಯಿಂದ ಮಾತು ಹೊರಡುವಂತಿರಲಿಲ್ಲ. ಅದೇ ಕೋಣೆಯಲ್ಲಿದ್ದ, ಬುದ್ಧಿ ಬೆಳೆಯದ ಒಬ್ಬ ಕುಬ್ಜ ರೋಗಿ ಓಡಿಹೋಗಿ ಸಹಾಯ ಕರೆತಂದುದರಿಂದ ಜೀವ ಉಳಿಯಿತೆಂದು ಜೀವನಚರಿತ್ರಕಾರ ಅರ್ನೆಸ್ಟ್ ಜೋನ್ಸ್ ಬರೆದಿದ್ದಾನೆ. ಗೆಡ್ಡೆ ಕ್ಯಾನ್ಸರ್ ಆಗಿತ್ತು. ಮುಂದಿನ 16 ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು. ಅಂದರೂ ಚುಟ್ಟಾ ಬಿಡಲಿಲ್ಲ! ಮನಸ್ಸಿನ ಒಳಗುಟ್ಟುಗಳನ್ನೆಲ್ಲ ಬಲ್ಲವನಿಗೂ ‘ಅದು’ ಎಂಬುದು ಎಷ್ಟು ಪ್ರಬಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮಗಳು ಸೋಫಿ 1920ರ ಜನವರಿಯಲ್ಲಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಿದ್ದಳು. ಅವಳ ಕಿರಿಯ ಮಗ, ನಾಲ್ಕೂವರೆ ವರ್ಷದ ಕೂಸು, 1923ರ ಜೂನ್‌ನಲ್ಲಿ ಕ್ಷಯದಿಂದ ಸತ್ತ.

‘ಅದು’ ಎಂಬ ಪದವನ್ನು ಫ್ರಾಯ್ಡ್ ತೆಗೆದುಕೊಂಡದ್ದು ಬಾಡೆನ್-ಬಾಡೆನ್ ಎಂಬಲ್ಲಿ ಆರೋಗ್ಯಧಾಮ ನಡೆಸುತ್ತಿದ್ದ ಗಿಯೋರ್ಗ್ ಗ್ರೊಡೆಕ್ ಎಂಬ ವೈದ್ಯನಿಂದ. ಗ್ರೊಡೆಕ್‌ನ ‘ಅದು’ವನ್ನು ಕುರಿತ ಪುಸ್ತಕ ಕೆಲವೇ ವಾರಗಳ ಮೊದಲು ಬಂದಿತ್ತು. ನಾವು ಬದುಕುತ್ತೇವೆ ಎನ್ನುವುದು ಅರ್ಧಸತ್ಯ, ನಮಗೆ ತಿಳಿಯದ ಶಕ್ತಿಯೊಂದು ನಮ್ಮನ್ನು ಬದುಕಿಸುತ್ತಿದೆ ಎಂಬುದು ಅವನ ವಾದ. ಜರ್ಮನ್ ಜನರ ಆಡುಮಾತಿನಲ್ಲಿಯೂ ‘ಅದು ನನಗಿಂತ ಬಲವಾಗಿತ್ತು’ ಎಂಬಂತಹ ಮಾತುಗಳಿವೆಯೆಂದು ಫ್ರಾಯ್ಡ್ ನೆನಪಿಸುತ್ತಾನೆ.

ಇಲ್ಲಿ ಕನ್ನಡದ ಮೇಷ್ಟ್ರುಗಳಾದವರು ಒಂದು ಕ್ಷಣ ನಿಲ್ಲಬೇಕು. ‘ಕೋಪಿಸಿಕೊಂಡೆ’ ಎಂಬ ರೂಪ ನಮ್ಮಲ್ಲಿದೆ, ನಿಜ. ಆದರೆ ನಾಲಗೆಗೆ ಮೊದಲು ಬರುವುದು ‘ನನಗೆ ಕೋಪ ಬಂತು’ ಎಂಬುದೇ. ನನಗೆ ಹಸಿವಾಯಿತು, ನನಗೆ ನಿದ್ದೆ ಬಂತು, ನನಗೆ ಆಸೆಯಾಯಿತು, ನನಗೆ ಅಳು ಬಂತು. ವಾಕ್ಯದ ಕರ್ತೃ ಕೋಪ. ‘ನಾನು’ ಚತುರ್ಥೀ ವಿಭಕ್ತಿಯಲ್ಲಿ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುವವನು. ಗ್ರೊಡೆಕ್ ಒಂದು ಪುಸ್ತಕ ಬರೆದು ಹೇಳಿದ್ದನ್ನು ನಮ್ಮ ವ್ಯಾಕರಣ ಹಿಂದಿನಿಂದಲೂ ಹೇಳುತ್ತಿದೆ. ‘ಇಡ್’ ಎಂದು ಬಾಯಿಪಾಠ ಮಾಡುವ ಬದಲು ‘ಅದು’ ಎಂದು ನಮಗೆ ಕಲಿಸಿದ್ದರೆ ಅಂದೇ ಅರ್ಥವಾಗುತ್ತಿತ್ತು.

1923ರ ಪುಸ್ತಕದಲ್ಲಿ ಒಂದು ರೇಖಾಚಿತ್ರವಿದೆ. ಅದು ಚೀಲದಂತಹ ಒಂದು ದುಂಡನೆಯ ಆಕಾರ. ಮೇಲ್ಭಾಗದಲ್ಲಿ, ಹೊರಲೋಕಕ್ಕೆ ತಾಗುವಲ್ಲಿ, ‘ನಾನು’ ಇದೆ. ಕೆಳಗೆ ಗಡಿಯೇ ಇಲ್ಲದೆ ಅದು ‘ಅದು’ವಿನೊಳಗೆ ಕರಗಿಹೋಗುತ್ತದೆ. ‘ನಾನು’ ಎಂಬುದಕ್ಕೆ ಒಂದು ಪಕ್ಕದಲ್ಲಿ ಮಾತ್ರ ಸೊಟ್ಟಗೆ ಇಟ್ಟ ಟೊಪ್ಪಿಗೆ. ಕಿವಿಯಿಂದ ಕೇಳಿದ ಮಾತುಗಳ ಟೊಪ್ಪಿಗೆ ಅದು. ‘ಮೇಲಿನ ನಾನು’ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಹತ್ತು ವರ್ಷಗಳ ನಂತರ, 1933ರ ಚಿತ್ರದಲ್ಲಿ ಸೇರಿಸಿದ. ಈ ಭಾಗಗಳ ನಡುವೆ ಭೂಪಟದಲ್ಲಿರುವಂತೆ ಸ್ಪಷ್ಟ ಗಡಿಗಳಿಲ್ಲವೆಂದು ಆಗ ಆತ ಒತ್ತಿ ಹೇಳಿದ. ಜರ್ಮನರು, ಮಗ್ಯಾರರು, ಸ್ಲೋವಾಕರು ಒಂದೇ ಸೀಮೆಯಲ್ಲಿ ಬೆರೆತು ವಾಸಿಸುವಂತೆ ಎಂಬುದು ಆತನ ಹೋಲಿಕೆ. ನಮ್ಮ ಗಡಿ ತಾಲೂಕುಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅಂತಹ ಮನುಷ್ಯನ ನಕ್ಷೆಯನ್ನು ನಾವು ಮೂರು ಡಬ್ಬಿಗಳಾಗಿ ಮಾಡಿಕೊಂಡೆವು.

‘ನಾನು’ ಮತ್ತು ‘ಅದು’ಗಳ ಸಂಬಂಧವನ್ನು ಫ್ರಾಯ್ಡ್ ಕುದುರೆ ಮತ್ತು ಸವಾರನಿಗೆ ಹೋಲಿಸಿದ. ಶಕ್ತಿ ಕುದುರೆಯದು. ಸವಾರನಿಗೆ ಲಗಾಮು ಇದ್ದರೂ, ಕುದುರೆಯಿಂದ ಬೀಳಬಾರದೆಂದರೆ ಎಷ್ಟೋ ಸಲ ಅದು ಹೋಗಬಯಸುವ ಕಡೆಗೇ ಅದನ್ನು ನಡೆಸಬೇಕಾಗುತ್ತದೆ. ಇದನ್ನು ಓದಿದ ಕೂಡಲೇ ನಮ್ಮವರಿಗೆ ಕಠೋಪನಿಷತ್ತಿನ ರಥ ನೆನಪಾಗುತ್ತದೆ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂಬ ಭಾಷಣವೂ ಸಿದ್ಧವಾಗುತ್ತದೆ. ನಾನು ಒಪ್ಪುವುದಿಲ್ಲ. ಅಲ್ಲಿ ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ; ಎಲ್ಲಕ್ಕೂ ಮೇಲೆ ರಥದಲ್ಲಿ ಕುಳಿತ ಒಡೆಯನಾಗಿ ಆತ್ಮವಿದೆ. ಫ್ರಾಯ್ಡ್‌ನ ಕುದುರೆಯ ಹಿಂದೆ ರಥವೂ ಇಲ್ಲ, ರಥಿಕನೂ ಇಲ್ಲ. ಒಡೆಯನಿಲ್ಲದ ಪ್ರಯಾಣವದು. ‘ನಾನು’ ಎಂಬುದನ್ನು ನಮ್ಮ ‘ಅಹಂಕಾರ’ವೆನ್ನುವುದೂ ಅಷ್ಟೇ ತಪ್ಪು. ನಮ್ಮ ದರ್ಶನಗಳು ಅಹಂಕಾರವನ್ನು ಕರಗಿಸಬೇಕೆನ್ನುತ್ತವೆ. ಫ್ರಾಯ್ಡ್‌ನ ಚಿಕಿತ್ಸೆ ‘ನಾನು’ ಎಂಬುದನ್ನು ಬಲಪಡಿಸಬೇಕೆನ್ನುತ್ತದೆ. ಸಮುದ್ರವನ್ನು ಹಿಮ್ಮೆಟ್ಟಿಸಿ ಹೊಲ ಮಾಡಿಕೊಳ್ಳುವ ಡಚ್ಚರ ಕೆಲಸಕ್ಕೆ ಆತ 1933ರಲ್ಲಿ ಇದನ್ನು ಹೋಲಿಸಿದ. ಹಾಲೆಂಡಿನ ಝೈಡರ್ ಝೀ ಕೊಲ್ಲಿಗೆ ಅಡ್ಡಲಾಗಿ ದೊಡ್ಡ ಕಟ್ಟೆ ಪೂರ್ಣಗೊಂಡದ್ದು 1932ರಲ್ಲಿ. ಅಂದಿನ ಪತ್ರಿಕೆಗಳ ಸುದ್ದಿಯೇ ಆತನ ಉಪಮೆಯಾಯಿತು.

ಪಾಪ, ಈ ‘ನಾನು’ ಎಂಬುದಕ್ಕೆ ಯಜಮಾನರು ಮೂವರು: ಹೊರಲೋಕ, ‘ಅದು’, ಮತ್ತು ‘ಮೇಲಿನ ನಾನು’. ಮೂವರ ಅಪ್ಪಣೆಗಳೂ ಒಂದಕ್ಕೊಂದು ವಿರುದ್ಧ. ಇಂತಹದನ್ನೇ ನಾವು ‘ಸೊಕ್ಕು’ ಎಂಬ ಅರ್ಥದಲ್ಲಿ ಬಳಸುತ್ತಿದ್ದೇವೆ!

ಮೂರನೆಯದಾದ ‘ಮೇಲಿನ ನಾನು’, ಪಠ್ಯಪುಸ್ತಕದ ಸೂಪರ್ ಈಗೋ, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದೆ. ನಮ್ಮ ನೋಟ್ಸಿನಲ್ಲಿ ಇಡ್ ರಾಕ್ಷಸ, ಸೂಪರ್ ಈಗೋ ದೇವರು. ಒಳ್ಳೆಯ ಶಿಕ್ಷಕ ಮಗುವಿನ ಸೂಪರ್ ಈಗೋವನ್ನು ಬೆಳೆಸಬೇಕು ಎಂದು ಬರೆದರೆ ಪೂರ್ಣ ಅಂಕ. ಫ್ರಾಯ್ಡ್ ಬರೆದದ್ದು ಬಹುಮಟ್ಟಿಗೆ ಇದಕ್ಕೆ ತದ್ವಿರುದ್ಧ. ಆತ ಕಂಡ ‘ಮೇಲಿನ ನಾನು’ ಕ್ರೂರಿ. ಹೊರಗೆ ತೋರಿಸಲಾಗದ ಸಿಟ್ಟೆಲ್ಲ ಅದರ ಕೈಗೆ ಸೇರಿ ‘ನಾನು’ ಎಂಬುದರ ಮೇಲೆ ಬೀಳುತ್ತದೆ. ಮಾಡಿದ ತಪ್ಪಿಗೆ ಮಾತ್ರವಲ್ಲ, ಮನಸ್ಸಿನಲ್ಲಿ ಸುಳಿದ ಆಸೆಗೂ ಅದು ದಂಡ ವಿಧಿಸುತ್ತದೆ. ಆದ್ದರಿಂದಲೇ ಮನುಷ್ಯ ಎಷ್ಟು ಸಜ್ಜನನೋ ಅವನ ಒಳದನಿ ಅಷ್ಟು ಕಠೋರ ಎಂಬ ವಿಪರೀತವನ್ನು 1930ರ ಗ್ರಂಥದಲ್ಲಿ ಆತ ವಿವರಿಸಿದ. ಪುಂಡನು ತಪ್ಪು ಮಾಡಿ ನಿದ್ದೆ ಮಾಡುತ್ತಾನೆ, ಸಜ್ಜನನು ತಪ್ಪು ಮಾಡದೆಯೂ ಎದ್ದು ಕೂರುತ್ತಾನೆ.

ಹೈಸ್ಕೂಲು ಮೇಷ್ಟ್ರಿಗೆ ಇದು ಸಿದ್ಧಾಂತವಲ್ಲ. ಪ್ರತಿ ವರ್ಷ ಉತ್ತರಪತ್ರಿಕೆ ಕೊಡುವ ದಿನ ಕಾಣುವ ದೃಶ್ಯ. 30 ತೆಗೆದುಕೊಂಡವನು ನಗುತ್ತಾ ಆಟದ ಬಯಲಿಗೆ ಓಡುತ್ತಾನೆ; 92 ತೆಗೆದುಕೊಂಡವಳು ಮೂಲೆಯಲ್ಲಿ ಅಳುತ್ತಾ ನಿಂತಿರುತ್ತಾಳೆ. ಮನೆಯಲ್ಲಿ ಬಯ್ಯುತ್ತಾರೆಯೇ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ಬಯ್ಯುವವರು ಮನೆಯಲ್ಲಿ ಇರಬೇಕಾಗಿಲ್ಲ, ಒಳಗೇ ಇದ್ದಾರೆ. ಫಲಿತಾಂಶದ ದಿನಗಳಲ್ಲಿ ಪತ್ರಿಕೆ ತೆರೆಯಲು ಭಯವಾಗುವ ಈ ನಾಡಿನಲ್ಲಿ, ಓದದವರಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ಚೆನ್ನಾಗಿ ಓದುವ ಮಗುವಿನ ಒಳಗಿನ ಆ ದನಿಯನ್ನು ಸ್ವಲ್ಪ ಮೆತ್ತಗೆ ಮಾಡುವವರು ಕಡಿಮೆ. ‘ಪರವಾಗಿಲ್ಲ ಬಿಡಮ್ಮ’ ಎಂಬ ಮಾತು ಅಂಥವರಿಗೇ ಹೆಚ್ಚು ಬೇಕು.

ಈ ದನಿ ಎಲ್ಲಿಂದ ಬರುತ್ತದೆ? ತಂದೆತಾಯಿಗಳಿಂದ ಎಂಬುದು ಎಲ್ಲರಿಗೂ ಗೊತ್ತಿರುವ ಉತ್ತರ. 1933ರಲ್ಲಿ ಫ್ರಾಯ್ಡ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಮಗುವಿನ ‘ಮೇಲಿನ ನಾನು’ ರೂಪುಗೊಳ್ಳುವುದು ತಂದೆತಾಯಿಗಳ ಮಾದರಿಯಲ್ಲಲ್ಲ, ತಂದೆತಾಯಿಗಳ ‘ಮೇಲಿನ ನಾನು’ವಿನ ಮಾದರಿಯಲ್ಲಿ. ಅಂದರೆ ಅಪ್ಪನಲ್ಲ, ಅಪ್ಪನೊಳಗೆ ಕುಳಿತ ಅಜ್ಜ. ತಲೆಮಾರುಗಳ ಕಟ್ಟುಪಾಡುಗಳು ಹೀಗೆ ದಾಟಿಬರುತ್ತವೆ. ಆದ್ದರಿಂದಲೇ ಲೋಕ ಬದಲಾದರೂ ಮನಸ್ಸು ನಿಧಾನವಾಗಿ ಬದಲಾಗುತ್ತದೆ. ತಂದೆತಾಯಿಗಳ ನಂತರ ಆ ಸ್ಥಾನಕ್ಕೆ ಬರುವವರಲ್ಲಿ ಶಿಕ್ಷಕರನ್ನೂ ಆತ ಹೆಸರಿಸಿದ. ತಾನು ಓದಿದ ಶಾಲೆಯ 50ನೆಯ ವರ್ಷಕ್ಕೆಂದು 1914ರಲ್ಲಿ ಬರೆದ ಪುಟ್ಟ ಬರಹದಲ್ಲಿ, ತಮ್ಮನ್ನು ಹೆಚ್ಚು ರೂಪಿಸಿದ್ದು ಪಾಠಗಳೋ ಪಾಠ ಹೇಳಿದವರ ವ್ಯಕ್ತಿತ್ವವೋ ಹೇಳಲಾರೆನೆಂದು ನೆನೆದಿದ್ದ. ಮಕ್ಕಳು ಮೇಷ್ಟ್ರನ್ನು ಏಕಕಾಲದಲ್ಲಿ ಪ್ರೀತಿಸುವುದೂ ಅಣಕಿಸುವುದೂ ಅಪ್ಪನ ಲೆಕ್ಕವನ್ನು ಮೇಷ್ಟ್ರ ಬಳಿ ತೀರಿಸುವುದೆಂದು ಆತನ ವಿವರಣೆ. (ನನಗೆ ಅಡ್ಡಹೆಸರು ಇಟ್ಟಿದ್ದವರು ಇದನ್ನು ಓದುತ್ತಿದ್ದರೆ, ಎಲ್ಲವೂ ಮನ್ನಾ.)

ಆ ಕಾಲದ ವಿಯೆನ್ನಾದಲ್ಲಿ ಈ ಸಿದ್ಧಾಂತವನ್ನು ಬೆಳೆಸಿದವರಲ್ಲಿ ಶಿಕ್ಷಕರು ಹಲವರೆಂಬುದು ನಮ್ಮ ವೃತ್ತಿಯವರಿಗೆ ಹೆಮ್ಮೆಯ ವಿಷಯ. ಫ್ರಾಯ್ಡ್‌ನ ಕಿರಿಯ ಮಗಳು ಆನಾ ಮೊದಲು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿ. ‘ನಾನು’ ತನ್ನನ್ನು ರಕ್ಷಿಸಿಕೊಳ್ಳುವ ಉಪಾಯಗಳನ್ನು ಕುರಿತ ಅವಳ ಪುಸ್ತಕ 1936ರಲ್ಲಿ ಬಂತು, ಬಿ.ಎಡ್. ಪಠ್ಯದ ‘ರಕ್ಷಣಾತಂತ್ರಗಳು’ ಹೆಚ್ಚುಪಾಲು ಅಲ್ಲಿಯವು. ಆಗಸ್ಟ್ ಐಶ್‌ಹಾರ್ನ್ ಎಂಬ ಇನ್ನೊಬ್ಬ ಮೇಷ್ಟ್ರು ಯುದ್ಧಾನಂತರ ದಾರಿತಪ್ಪಿದ ಹುಡುಗರ ವಸತಿಶಾಲೆ ನಡೆಸಿದ. ಆ ಹುಡುಗರಿಗೆ ಬೇಕಾದದ್ದು ಬೆತ್ತವಲ್ಲ, ನಂಬಿ ಅನುಕರಿಸಬಹುದಾದ ಒಬ್ಬ ದೊಡ್ಡವನು ಎಂದು ತೋರಿಸಿದ. 1925ರ ಅವನ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತಾ ಫ್ರಾಯ್ಡ್, ಶಿಕ್ಷಣ, ಚಿಕಿತ್ಸೆ, ರಾಜ್ಯಭಾರ ಇವು ಮೂರೂ ಅಸಾಧ್ಯವಾದ ವೃತ್ತಿಗಳೆಂಬ ಹಳೆಯ ಚಟಾಕಿಯನ್ನು ನೆನಪಿಸಿದ.

ಇನ್ನು ಪದಗಳು ಲ್ಯಾಟಿನ್ ಆದ ಬಗೆ. ಇಂಗ್ಲಿಷಿಗೆ ತರುವಾಗ, ಮನೋವಿಶ್ಲೇಷಣೆ ವೈದ್ಯಶಾಸ್ತ್ರದಂತೆ ಗಂಭೀರವಾಗಿ ಕಾಣಬೇಕೆಂಬ ಕಾಳಜಿ ಜೋನ್ಸ್ ಮತ್ತು ಸಂಗಡಿಗರಿಗೆ ಇತ್ತು. 1927ರಲ್ಲಿ ಜೋನ್ ರಿವಿಯೇರ್ ಮಾಡಿದ ಅನುವಾದ ‘ಈಗೋ’, ‘ಇಡ್’ಗಳೊಂದಿಗೆ ಪ್ರಕಟವಾಯಿತು. 1953ರಿಂದ 1974ರವರೆಗೆ 24 ಸಂಪುಟಗಳಲ್ಲಿ ಬಂದ ಜೇಮ್ಸ್ ಸ್ಟ್ರೇಚಿಯ ಅನುವಾದ ಅದನ್ನು ಶಾಶ್ವತಗೊಳಿಸಿತು. ಮೂರು ವರ್ಷದ ಮಗುವೂ ಆಡುವ ‘ನಾನು’, ‘ಅದು’ಗಳು ಔಷಧದ ಸೀಸೆಯ ಚೀಟಿಯಂತಾದವು. ವಿಯೆನ್ನಾದಲ್ಲಿಯೇ ಬೆಳೆದ ಬ್ರೂನೋ ಬೆಟಲ್‌ಹೈಮ್ 1983ರಲ್ಲಿ ಒಂದು ಪುಸ್ತಕವನ್ನೇ ಬರೆದು ಇದನ್ನು ಆಕ್ಷೇಪಿಸಿದ. ‘ಅವನ ಈಗೋ’ ಎಂದಾಗ ಅದು ಬೇರೆಯವರಲ್ಲಿರುವ ವಸ್ತು. ‘ನಾನು’ ಎಂದಾಗ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಕನ್ನಡಕ್ಕೆ ಬಂದದ್ದು ಇಂಗ್ಲಿಷಿನ ಬಾಗಿಲಿನಿಂದ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1924ರಷ್ಟು ಹಿಂದೆಯೇ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ. ಕನ್ನಡದಲ್ಲಿಯೇ ಮನೋವೈದ್ಯದ ವಿಷಯಗಳನ್ನು ಹೇಳಿದವರಲ್ಲಿ ಮೊದಲು ನೆನಪಾಗುವವರು ‘ಕೊರವಂಜಿ’ಯ ರಾ.ಶಿ., ಅಂದರೆ ಡಾ. ಎಂ. ಶಿವರಾಂ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಗಿಸಲು ಬಲ್ಲ ವೈದ್ಯರೊಬ್ಬರು ಈ ಕೆಲಸಕ್ಕೆ ಕೈಹಾಕಿದ್ದು ಕನ್ನಡದ ಭಾಗ್ಯ.

ಫ್ರಾಯ್ಡ್‌ನ ಮಾತೆಲ್ಲ ಇಂದು ಸತ್ಯವೆಂದು ಒಪ್ಪಿತವಾಗಿಲ್ಲ. ಪರೀಕ್ಷಿಸಿ ಸುಳ್ಳೆಂದು ತೋರಿಸಲಾಗದ ಮಾತು ವಿಜ್ಞಾನವಲ್ಲ ಎಂಬ ಕಾರ್ಲ್ ಪಾಪರ್‌ನ ಆಕ್ಷೇಪಕ್ಕೆ ಪೂರ್ಣ ಉತ್ತರ ಬಂದಂತಿಲ್ಲ. ಹೆಣ್ಣುಮಕ್ಕಳ ‘ಮೇಲಿನ ನಾನು’ವನ್ನು ಕುರಿತು ಆತ ಬರೆದದ್ದಂತೂ ತೀರ ಹಳಸಿದೆ. ಭಾರತದಿಂದಲೇ ಒಂದು ಭಿನ್ನಮತ ಬಹಳ ಹಿಂದೆ ಹೋಗಿತ್ತು. ಕಲ್ಕತ್ತದ ವೈದ್ಯರಾದ ಗಿರೀಂದ್ರಶೇಖರ ಬೋಸರು (1887–1953) ವಿಯೆನ್ನಾ ಕಾಣದೆಯೇ ಮನೋವಿಶ್ಲೇಷಣೆಯನ್ನು ಸ್ವಂತವಾಗಿ ಕಲಿತು, ದಮನದ ಮೇಲೆ ಪ್ರೌಢಪ್ರಬಂಧ ಬರೆದು, 1922ರಲ್ಲಿ ಪಾರ್ಸಿಬಾಗಾನ್ ಗಲ್ಲಿಯ ತಮ್ಮ ಮನೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. 1921ರಲ್ಲಿ ತೊಡಗಿದ ಫ್ರಾಯ್ಡ್–ಬೋಸ್ ಪತ್ರವ್ಯವಹಾರ 1937ರವರೆಗೆ ನಡೆಯಿತು; ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಫ್ರಾಯ್ಡ್‌ನ ಭಾವಚಿತ್ರವನ್ನೇ ನೋಡಿರದ ಚಿತ್ರಕಾರ ಜತೀಂದ್ರಕುಮಾರ ಸೇನರಿಂದ ಆತನ ಕಾಲ್ಪನಿಕ ಚಿತ್ರವೊಂದನ್ನು ಬರೆಯಿಸಿ ಬೋಸರು ಕಳಿಸಿದ್ದರು. ತಾನು ಅದರಲ್ಲಿ ಇಂಗ್ಲಿಷರವನಂತೆ ಕಾಣುತ್ತೇನೆಂದು ಫ್ರಾಯ್ಡ್ ಗೆಳತಿಯೊಬ್ಬಳಿಗೆ ಬರೆದ. ಬೋಸರು ಶಿಷ್ಯಭಾವದಿಂದ ತಲೆಯಾಡಿಸಿದವರಲ್ಲ. ‘ಮೇಲಿನ ನಾನು’ ಹುಟ್ಟುವುದಕ್ಕೆ ತಂದೆಯ ಶಿಕ್ಷೆಯ ಭಯವೇ ಬುನಾದಿಯೆಂಬುದು ಫ್ರಾಯ್ಡ್‌ನ ಮತ. ಆ ಭಯ ಯುರೋಪಿನವರಲ್ಲಿ ಕಾಣುವಷ್ಟು ತೀವ್ರವಾಗಿ ತಮ್ಮ ಭಾರತೀಯ ರೋಗಿಗಳಲ್ಲಿ ಕಾಣದೆಂದು 1929ರಲ್ಲಿ ನೇರವಾಗಿ ಬರೆದರು. ಮನುಷ್ಯನ ಒಳರಚನೆ ಎಲ್ಲೆಡೆ ಒಂದೇ ಹೌದೋ ಅಲ್ಲವೋ ಎಂಬ ಆ ಪ್ರಶ್ನೆ ಈಗಲೂ ಮುಗಿದಿಲ್ಲ.

1931ರಲ್ಲಿ ಫ್ರಾಯ್ಡ್‌ಗೆ 75 ತುಂಬಿದಾಗ ಕಲ್ಕತ್ತದ ಸಂಘದವರು ದಂತದ ವಿಷ್ಣುವಿಗ್ರಹವೊಂದನ್ನು ಕಳಿಸಿದರು. ದೇವರನ್ನು ನಂಬದ ಫ್ರಾಯ್ಡ್ ಅದನ್ನು ಬರೆಯುವ ಮೇಜಿನ ಮೇಲೆ ಗೌರವದ ಸ್ಥಾನದಲ್ಲಿಟ್ಟ. ಕೆಲವು ದಿನಗಳಲ್ಲಿ ಅದರಲ್ಲಿ ಬಿರುಕುಗಳು ಕಾಣಿಸಿಕೊಂಡಾಗ, ಕಲ್ಕತ್ತದ ಹವೆಗೆ ಒಗ್ಗಿದ ಈ ದೇವರಿಗೆ ವಿಯೆನ್ನಾದ ಚಳಿ ಸಹಿಸದೇನೋ ಎಂದು ಆತ ತಮಾಷೆ ಮಾಡಿದ್ದುಂಟು. 1938ರ ಮಾರ್ಚ್‌ನಲ್ಲಿ ನಾಜಿಗಳು ವಿಯೆನ್ನಾವನ್ನು ಹಿಡಿದರು. ಆನಾಳನ್ನು ಗೆಸ್ಟಾಪೊ ವಿಚಾರಣೆಗೆ ಎಳೆದೊಯ್ದಿತು. 47 ವರ್ಷ ಬಾಳಿದ ಮನೆಯನ್ನು ಬಿಟ್ಟು ಜೂನ್ 4ರಂದು ಫ್ರಾಯ್ಡ್ ಲಂಡನ್ನಿಗೆ ಹೊರಟ. ಹಿಂದೆ ಉಳಿದ ನಾಲ್ವರು ತಂಗಿಯರು ನಾಜಿ ಶಿಬಿರಗಳಲ್ಲಿ ಸತ್ತರು. ಆತ 1939ರ ಸೆಪ್ಟೆಂಬರ್ 23ರಂದು ತೀರಿಕೊಂಡ. ಲಂಡನ್ನಿನ ಮೇರ್ಸ್‌ಫೀಲ್ಡ್ ಗಾರ್ಡನ್ಸ್‌ನ ಆ ಮನೆ 1986ರಿಂದ ವಸ್ತುಸಂಗ್ರಹಾಲಯ. ಆ ಊರಿನಲ್ಲಿರುವ ನನ್ನ ವಿದ್ಯಾರ್ಥಿಗಳು ಎಂದಾದರೂ ಬಿಡುವಾದಾಗ ಹೋಗಿ ಕಲ್ಕತ್ತದಿಂದ ಹೋದ ಆ ವಿಷ್ಣುವನ್ನು ನೋಡಿ ಬರಬಹುದು.